ಬಚ್ಚಲ ಒಲೆ ರಿಪೇರಿ: ಏಳು ಕೆಜಿ ಸೌದೆಯಿಂದ ಮೂರೂವರೆಗೆ

ಆಗಸ್ಟ್ ಕೊನೆ ವಾರ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಮಳೆಗಾಲದಲ್ಲಿ ಇಲ್ಲಿ ಬಚ್ಚಲ ಒಲೆ ಹೊತ್ತಿಸದ ದಿನವೇ ಅಪರೂಪ. ಸ್ನಾನದ ನೀರು, ಒದ್ದೆ ಬಟ್ಟೆ, ಚಳಿ ಕಾಯಿಸಿಕೊಳ್ಳುವುದು, ಎಲ್ಲಕ್ಕೂ ಅದೇ ಒಲೆ. ಅಜ್ಜನ ಕಾಲದ ತಾಮ್ರದ ಹಂಡೆ, ಸುಮಾರು 80 ಲೀಟರ್ ಹಿಡಿಯುತ್ತದೆ. ಸುತ್ತ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಕಟ್ಟೆ. ಹಿಂದೆ 4 ಇಂಚಿನ ತಗಡಿನ ಹೊಗೆಕೊಳವೆ.

ಅಮ್ಮನಿಗೆ ಈ ವರ್ಷ ಕೆಮ್ಮು ಜಾಸ್ತಿಯಾಗಿದೆ. ದಿನಾ ಬೆಳಿಗ್ಗೆ ಊದುಗೊಳವೆ ಹಿಡಿದು ಆ ಹೊಗೆಯಲ್ಲಿ ಕೂರುವುದನ್ನು ನೋಡಿ ನೋಡಿ ಸಾಕಾಯಿತು. ನೀರು ತುಂಬುವ ಹಬ್ಬದೊಳಗೆ ಒಲೆ ಸರಿ ಮಾಡುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ.

ಮೊದಲು ಅಳತೆ. ಸೌದೆಯನ್ನು ತಕ್ಕಡಿಯಲ್ಲಿ ತೂಗಿದೆ, ನೀರಿಗೆ ಥರ್ಮಾಮೀಟರ್ ಇಳಿಬಿಟ್ಟೆ. 22 ಡಿಗ್ರಿ ಇದ್ದ ನೀರು 62ಕ್ಕೆ ಬರಲು 7.1 ಕೆಜಿ ಸೌದೆ, 78 ನಿಮಿಷ. ಲೆಕ್ಕ ಹಾಕಿದರೆ 80 ಲೀಟರ್ ನೀರನ್ನು 40 ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 13.4 ಮೆಗಾಜೂಲ್. ಒಂದು ಕೆಜಿ ಒಣ ಸೌದೆಯಲ್ಲಿ 15 ಮೆಗಾಜೂಲ್‌ನಷ್ಟು ಶಾಖ ಇರುತ್ತದೆ. ಅಂದರೆ ಒಂದು ಕೆಜಿಯಲ್ಲಿ ಆಗಬೇಕಾದ ಕೆಲಸಕ್ಕೆ ಏಳು ಕೆಜಿ ಉರಿಸುತ್ತಿದ್ದೇವೆ. ನೂರರಲ್ಲಿ 13 ಪಾಲು ನೀರಿಗೆ, ಉಳಿದ 87 ಪಾಲು ಗೋಡೆಗೆ, ಗಾಳಿಗೆ, ಆಕಾಶಕ್ಕೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ

ಒಲೆ ಮುಟ್ಟುವ ಮೊದಲು ಸೌದೆ ನೋಡಿದೆ. ನಮ್ಮ ಸೌದೆ ಕೊಟ್ಟಿಗೆಗೆ ಚಾವಣಿಯೇನೋ ಇದೆ. ಆದರೆ ಜುಲೈ, ಆಗಸ್ಟ್‌ನ ಥಂಡಿ ಗಾಳಿಯಲ್ಲಿ ಎಷ್ಟು ಒಣಗಿದ ಕಟ್ಟಿಗೆಯೂ ಮತ್ತೆ ನೀರು ಕುಡಿಯುತ್ತದೆ. ಒಂದು ಕೆಜಿ ತೂಗುವ ಒಂದು ಸೀಳು ತೆಗೆದು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಹದಿನಾರು ದಿನದಲ್ಲಿ ಅದು 780 ಗ್ರಾಂ ಆಯಿತು. 220 ಗ್ರಾಂ ನೀರು! ಸೌದೆಯೊಳಗಿನ ಒಂದೊಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು ಎರಡೂವರೆ ಮೆಗಾಜೂಲ್ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹಸಿ ಸೌದೆ ಉರಿಯ ಬಿಸಿಯನ್ನೇ ಇಳಿಸುತ್ತದೆ. ಆಗ ಹೊಗೆ ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಮರದ ಶಾಖದಲ್ಲಿ ಬಹುಪಾಲು ಇರುವುದು ಆ ಹೊಗೆಯಲ್ಲೇ ಅಲ್ವಾ.

ಅಟ್ಟಕ್ಕೆ ಬಿದಿರಿನ ತಟ್ಟಿ ಹಾಕಿ ಹದಿನೈದು ದಿನಕ್ಕೆ ಬೇಕಾಗುವಷ್ಟು ಸೌದೆ ಜೋಡಿಸಿದೆ. ಕುಂಟೆಗಳನ್ನೆಲ್ಲ ಮಣಿಕಟ್ಟಿನ ದಪ್ಪಕ್ಕೆ ಸೀಳಿದೆ. ಎರಡು ತುಂಡು ತಾಗಿಸಿದರೆ ಟಣ್ ಅನ್ನಬೇಕು, ದಪ್ ಅಂದರೆ ಇನ್ನೂ ಹಸಿ. ಹಂಡೆಗೆ ಹಲಸಿನ ಹಲಗೆಯ ಮುಚ್ಚಳವೂ ಆಯಿತು. ಈಗ 5.8 ಕೆಜಿ, 66 ನಿಮಿಷ. ಒಲೆಗೆ ಒಂದು ಕಲ್ಲೂ ಸೇರಿಸಿಲ್ಲ, ಗಮನಿಸಿ.

ಸೆಪ್ಟೆಂಬರ್ ಮೂರನೇ ವಾರ

ಗುಜರಿಯಿಂದ 12 ಎಂಎಂ ಕಬ್ಬಿಣದ ಸರಳು ತಂದು, ಒಂದೊಂದು ಬೆರಳಿನಷ್ಟು ಜಾಗ ಬಿಟ್ಟು ಜೋಡಿಸಿ ಜಾಲರಿ ಮಾಡಿಸಿದೆ. ಕೆಳಗೆ ಬೂದಿ ಬೀಳಲು ಮತ್ತು ಗಾಳಿ ಬರಲು ಗೂಡು. ಇದು ನನ್ನ ಯೋಚನೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸಲು ಶುರುಮಾಡಿದ ಅಸ್ತ್ರ ಕೇಂದ್ರ ಇತ್ತಲ್ಲ, ಅವರ ಅಸ್ತ್ರ ಒಲೆಯಲ್ಲಿ ಇದೇ ಇತ್ತು. ಮುಚ್ಚಿದ ಉರಿಗೂಡು, ಅಡಿಯಲ್ಲಿ ಜಾಲರಿ, ಮೂರು ಪಾತ್ರೆಗಳ ಕೆಳಗೆ ಹಾದುಹೋಗುವ ಬಿಸಿಗಾಳಿ, ಕೊನೆಯಲ್ಲಿ ಹೊಗೆಕೊಳವೆ. ನಮ್ಮ ಅಡುಗೆಮನೆಯಲ್ಲೂ ಗ್ಯಾಸ್ ಬರುವವರೆಗೆ ಅಂಥದ್ದೊಂದು ಒಲೆ ಇತ್ತು. ಬಚ್ಚಲಿಗೆ ಮಾತ್ರ ಯಾರೂ ಆ ಬುದ್ಧಿ ತಂದಿರಲಿಲ್ಲ.

ಜಾಲರಿ ಹಾಕಿದ ಮೇಲೆ ಉರಿ ಭೋರೆಂದಿತು. ಅಮ್ಮ ಊದುಗೊಳವೆ ಮುಟ್ಟಲೇ ಇಲ್ಲ. ನೀರು 50 ನಿಮಿಷಕ್ಕೆ ಕಾಯಿತು. ಸೌದೆ ತೂಗಿದರೆ 6 ಕೆಜಿ! ಬೇಗ ಉರಿಯಿತು, ಆದರೆ ಉಳಿತಾಯವಾಗಲಿಲ್ಲ. ಹೊಗೆಕೊಳವೆಗೆ ನೀರು ಚಿಮುಕಿಸಿದೆ, ಚುರ್ ಅಂದು ಹಾರಿಹೋಯಿತು. ಶಾಖ ಎಲ್ಲಿ ಹೋಗುತ್ತಿದೆ ಅಂತ ಆಗಲೇ ಗೊತ್ತಾಯಿತು. ಉರಿ ದೊಡ್ಡದು ಮಾಡಿದರೆ ಸಾಲದು, ಅದು ಹಂಡೆಯ ಮೈಗೆ ಉಜ್ಜಿಕೊಂಡು ಹೋಗಬೇಕು.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು

ಹಂಡೆ ಎತ್ತಿಟ್ಟೆ. ಒಬ್ಬನ ಕೈಲಿ ಆಗಲಿಲ್ಲ, ಪಕ್ಕದ ಮನೆ ದೊಡ್ಡಪ್ಪ ಬಂದು ಕೈ ಹಾಕಿದರು. ಒಳಗೆ ನೋಡಿದರೆ ಹಂಡೆಗೂ ಕಟ್ಟೆಗೂ ನಡುವೆ ಒಂದು ಚೋಟುದ್ದ ಖಾಲಿ ಜಾಗ. ಬೆಂಕಿ ಹಂಡೆಯ ತಳವನ್ನು ಸ್ವಲ್ಪ ಸವರಿ, ಈ ಖಾಲಿ ಜಾಗದಲ್ಲಿ ನುಗ್ಗಿ, ಸೀದಾ ಕೊಳವೆಗೆ ಹೋಗುತ್ತಿತ್ತು. ಹಂಡೆಯ ಹೊಟ್ಟೆಯ ಹಿಂದಿನ ಅರ್ಧದಲ್ಲಿ ದಪ್ಪ ಮಸಿ, ಮುಂದಿನ ಅರ್ಧ ಬರೀ ಕಂದು. ಉರಿಯ ದಾರಿ ಅಲ್ಲೇ ಬರೆದಿಟ್ಟ ಹಾಗಿತ್ತು.

ಇನ್ನೊಂದು ವಿಷಯ ದೊಡ್ಡಪ್ಪ ಹೇಳಿದ್ದು. "ಈ ಕಟ್ಟೆ ನೋಡೋ, ಮಧ್ಯಾಹ್ನ ಮೂರು ಗಂಟೆಗೂ ಬಿಸಿ ಇರುತ್ತೆ. ನಮ್ಮ ಬೆಕ್ಕು ಇಲ್ಲೇ ಬಂದು ಮಲಗೋದು." ನಿಜ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ದಿನಾ ಬೆಳಿಗ್ಗೆ ತಣ್ಣಗಿರುತ್ತದೆ. ಅದು ತಾನು ಕಾಯ್ದ ಮೇಲೆ ಹಂಡೆಗೆ ಶಾಖ ಬಿಡುವುದು. ಇಡೀ ದಿನ ಉರಿಯುವ ಒಲೆಗಾದರೆ ಇದು ದೊಡ್ಡ ನಷ್ಟವಲ್ಲ. ಒಂದು ಗಂಟೆ ಉರಿಸಿ ಬಿಡುವ ಒಲೆಗೆ ದೊಡ್ಡ ನಷ್ಟ.

ಹಾಗಾಗಿ ಕಟ್ಟೆಯ ಒಳಗೆ ಇನ್ನೊಂದು ತೆಳು ಗೋಡೆ ಎಬ್ಬಿಸಿದೆ. ಹಳೆ ಹೆಂಚಿನ ಚೂರು, ಹುತ್ತದ ಮಣ್ಣು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು, ಇಷ್ಟೇ. ತೆಳು ಗೋಡೆಗೂ ಕಲ್ಲಿಗೂ ನಡುವೆ ಮೂರು ಇಂಚು ಬಿಟ್ಟು, ಅಲ್ಲಿ ಭತ್ತದ ಹೊಟ್ಟಿನ ಬೂದಿ ತುಂಬಿದೆ. ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಹಗುರ, ತುಂಬಾ ಗಾಳಿ ಹಿಡಿದಿರುತ್ತದೆ, ಬೆಂಕಿಗೆ ಮತ್ತೆ ಉರಿಯುವುದಿಲ್ಲ. ಶಾಖ ತಡೆಯಲು ಇದಕ್ಕಿಂತ ಅಗ್ಗದ್ದು ನಮ್ಮ ಕಡೆ ಸಿಗುವುದಿಲ್ಲ.

ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಬಿಟ್ಟೆ. ಮೊದಲು ಅರ್ಧ ಗೇಣಷ್ಟೇ ಇತ್ತು. ಒಳಗೆ ನೀರಿರುವುದರಿಂದ ತಾಮ್ರ 100 ಡಿಗ್ರಿಯ ಆಚೆಗೆ ಹೋಗುವುದೇ ಕಷ್ಟ. ಉರಿ ಪೂರ್ತಿ ಉರಿಯುವ ಮೊದಲೇ ಅದಕ್ಕೆ ತಾಗಿದರೆ ತಣ್ಣಗಾಗಿ ಮಸಿಯಾಗುತ್ತದೆ.

ಈಗ ಹಂಡೆಗೂ ತೆಳು ಗೋಡೆಗೂ ನಡುವಿನ ಸಂದು. ಜಾಸ್ತಿ ಕಿರಿದಾದರೆ ಒಳ್ಳೆಯದು ಅಂತ ಅರ್ಧ ಸೆಂಟಿಮೀಟರ್ ಬಿಟ್ಟೆ. ಮರುದಿನ ಬೆಂಕಿ ಹಾಕಿದರೆ ಹೊಗೆಯೆಲ್ಲ ಒಲೆಯ ಬಾಯಿಂದಲೇ ವಾಪಸ್. ಅಮ್ಮ ಕಣ್ಣೊರೆಸಿಕೊಂಡು ಹೊರಗೆ ಬಂದರು, ಒಂದು ಮಾತೂ ಆಡಲಿಲ್ಲ. ಬೇಜಾರಾಯಿತು. ಅವತ್ತೇ ಹಂಡೆ ಎತ್ತಿ ಮಣ್ಣು ಕೆರೆದೆ. ಈಗ ಮುಂದಿನ ಕಡೆ ಹೆಬ್ಬೆರಳು ಸಲೀಸಾಗಿ ಹೋಗುವಷ್ಟು, ಸುಮಾರು ಎರಡು ಸೆಂಟಿಮೀಟರ್. ಹಿಂದೆ ಕೊಳವೆಯ ಕಡೆ ಕಿರುಬೆರಳಿನಷ್ಟು. ಹಿಂದೆ ಬಿಗಿ, ಮುಂದೆ ಸಡಿಲ ಇದ್ದರೆ ಉರಿ ಒಂದೇ ಕಡೆ ಓಡದೆ ಹಂಡೆಯನ್ನು ಸುತ್ತಿ ಬರುತ್ತದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಸಂದು. ಮಾಡುವವರು ಇಲ್ಲಿ ಅವಸರ ಮಾಡಬೇಡಿ, ಬೆರಳಿಟ್ಟು ಸುತ್ತಲೂ ನೋಡಿ.

ಮಣ್ಣು ಒಣಗಲು ಐದು ದಿನ ಬಿಟ್ಟೆ. ಎರಡು ಕಡೆ ಬಿರುಕು ಬಂತು, ಸಗಣಿ ನೀರಲ್ಲಿ ಮೆತ್ತಿದೆ. ಆಮೇಲೆ ತೂಗಿದ್ದು: 3.9 ಕೆಜಿ, 44 ನಿಮಿಷ.

ಅಕ್ಟೋಬರ್ ಎರಡನೇ ವಾರ

ಇದ್ದಿಲು ಹಾಕಿ ನೋಡೋಣ ಅನಿಸಿತು. ತೂಕಕ್ಕೆ ತೂಕ ನೋಡಿದರೆ ಇದ್ದಿಲಿನಲ್ಲಿ ಸೌದೆಯ ಸುಮಾರು ಎರಡರಷ್ಟು ಶಾಖ. ಆದರೆ ಅದಕ್ಕೆ ಗಾಳಿ ಕೆಳಗಿನಿಂದ ಬೇಕು, ಸೌದೆಗೆ ಮೇಲಿನಿಂದಲೂ ಬೇಕು. ಸೌದೆಗೆ ಅಂತ ಬಾಯಿ ತೆರೆದಿಟ್ಟರೆ ಇದ್ದಿಲಿನ ಮೇಲೆ ತಣ್ಣನೆ ಗಾಳಿ ಹರಿದು ಶಾಖ ಕೊಂಡೊಯ್ಯುತ್ತದೆ. ಬಾಯಿ ಮುಚ್ಚಿ ಬೂದಿಗೂಡು ಮಾತ್ರ ತೆರೆದಾಗ ಕೆಂಡ ಕೆಂಪಗೆ ನಿಂತಿತು. ತಳ ಚೆನ್ನಾಗಿ ಕಾಯಿತು, ಹೊಟ್ಟೆಯ ಸುತ್ತ ಅಷ್ಟಾಗಿ ಇಲ್ಲ. ಈ ಸಂದೆಲ್ಲ ಮಾಡಿದ್ದು ಉದ್ದ ಉರಿಗೆ. ಜೊತೆಗೆ ಇದ್ದಿಲು ಮಾಡುವಾಗಲೇ ಮರದ ಅರ್ಧಕ್ಕಿಂತ ಜಾಸ್ತಿ ಶಾಖ ಹೋಗಿರುತ್ತದೆ. ನಮಗೆ ಬೇಡ.

ಒಂದು ಎಚ್ಚರಿಕೆ. ಇದ್ದಿಲು, ಕೆಂಡಕ್ಕೆ ಹೊಗೆ ಕಾಣುವುದಿಲ್ಲ, ವಿಷಗಾಳಿ ಮಾತ್ರ ಇರುತ್ತದೆ. ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿ ಸ್ನಾನ ಮಾಡುವ ಜಾಗ ಇದು. ಕೊಳವೆಗೆ ಗಾಳಿ ತಡೆಯುವ ತಗಡು ಹಾಕಿದ್ದೇನೆ, ಆದರೆ ಅದರ ನಡುವೆ ಎರಡು ಬೆರಳಿನಷ್ಟು ತೂತು ಕೊರೆದಿದ್ದೇನೆ. ಪೂರ್ತಿ ಮುಚ್ಚುವುದೇ ಇಲ್ಲ. ಬಚ್ಚಲಿನ ಕಿಟಕಿಯ ಒಂದು ಹಲಗೆಯನ್ನೂ ಶಾಶ್ವತವಾಗಿ ತೆಗೆದೆ. ಈ ಎರಡರಲ್ಲಿ ಯಾರೂ ರಾಜಿ ಮಾಡಿಕೊಳ್ಳಬೇಡಿ.

ನೀರು ತುಂಬುವ ಹಬ್ಬ

ಹುಣಸೆಹಣ್ಣು, ಬೂದಿ ಹಾಕಿ ಅಮ್ಮ ಹಂಡೆ ತಿಕ್ಕಿದರು. ಕೂರಿಸುವ ಮೊದಲು ತಳಕ್ಕೆ ತೆಳ್ಳಗೆ ಮಣ್ಣು ಬಳಿದೆವು, ಮುಂದೆ ಮಸಿ ಸುಲಭವಾಗಿ ಬಿಡಲಿ ಅಂತ. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ತಂದು ತುಂಬಿ ಪೂಜೆ ಆಯಿತು. ನರಕ ಚತುರ್ದಶಿಯ ಬೆಳಿಗ್ಗೆ ನಾಲ್ಕಕ್ಕೆ ಬೆಂಕಿ ಹಾಕಿದ್ದು. ಸೌದೆ ತೂಗಿಯೇ ಇಟ್ಟಿದ್ದೆ. 3.4 ಕೆಜಿ, 38 ನಿಮಿಷ. ಲೆಕ್ಕದಲ್ಲಿ ನೂರಕ್ಕೆ 26 ಪಾಲು ನೀರಿಗೆ ಬಂದಿದೆ, ಮೊದಲಿನ ಎರಡರಷ್ಟು.

ಎಣ್ಣೆ ಹಚ್ಚಿಕೊಂಡು ಕೂತಿದ್ದ ನನ್ನನ್ನು ಅಮ್ಮ ಕರೆದರು. "ಬಾರೋ, ಆಗಲೇ ಕಾದಿದೆ." ಅವರ ಕಣ್ಣು ಕೆಂಪಾಗಿರಲಿಲ್ಲ. ಸಂಜೆ ಐದಕ್ಕೆ ಹಂಡೆಯ ತಳದಲ್ಲಿ ಉಳಿದಿದ್ದ ನೀರು ನೋಡಿದೆ, ಇನ್ನೂ 41 ಡಿಗ್ರಿ. ದೊಡ್ಡಪ್ಪ ಬಂದು ಕಟ್ಟೆ ಮುಟ್ಟಿ ನೋಡಿದರು, ತಣ್ಣಗಿತ್ತು. ಮುಂದಿನ ತಿಂಗಳು ಅವರ ಮನೆಯ ಅಡಿಕೆ ಬೇಯಿಸುವ ಒಲೆ. ಅದರ ಹಂಡೆ ನಮ್ಮದಕ್ಕಿಂತ ಮೂರು ಪಾಲು ದೊಡ್ಡದು. ಈ ವಾರ ಹೋಗಿ ಅಳತೆ ತೆಗೆದುಕೊಂಡು ಬರಬೇಕು.