ಮೊಸರು ಬಿಡಿಸಿದ್ರಾ?

"ಹಾಲು, ಗೋಧಿ ಬಿಡಿಸಿದ್ರೆ ಆಟಿಸಂ ಹೋಗುತ್ತಂತೆ, ನೀವು ಬಿಡಿಸಿದ್ರಾ?" ರಾಯಚೂರಿನಲ್ಲಿ ಕಾಯಿಪಲ್ಲೆ ತರಲು ಹೋದರೂ ಯಾರಾದರೂ ಕೇಳುತ್ತಾರೆ. ಇಲ್ಲ. ಒಮ್ಮೆ ಬಿಡಿಸಿದ್ದೆ, ಇನ್ನು ಬಿಡಿಸಲ್ಲ.

ನನ್ನ ಮಗನಿಗೆ ಆಟಿಸಂ ಇದೆ, ಅಂದರೆ ಮಾತಾಡೋದು, ಮಂದಿ ಜೊತೆ ಬೆರೆಯೋದು ಕಷ್ಟ ಆಗುವಂಥ ಮಿದುಳಿನ ಬೆಳವಣಿಗೆಯ ವ್ಯತ್ಯಾಸ. ಆಗ ಅವನಿಗೆ ನಾಲ್ಕು ವರ್ಷ. ತಿನ್ನುತ್ತಿದ್ದದ್ದು ಮೂರೇ: ಮೊಸರನ್ನ, ಬಾಳೆಹಣ್ಣು, ಒಂದೇ ಕಂಪನಿಯ ಬಿಸ್ಕತ್ತು. ಮಂದಿ ಮಾತು ಕೇಳಿ ಮೊಸರು, ಬಿಸ್ಕತ್ತು ನಿಲ್ಲಿಸಿದೆ. ಬರೀ ಅನ್ನ ಮುಟ್ಟಲಿಲ್ಲ. ಉಳಿದದ್ದು ಬಾಳೆಹಣ್ಣು. ಮಾತು ಬರಲಿಲ್ಲ, ತೂಕ ಇಳಿಯಿತು. ಮಕ್ಕಳ ಡಾಕ್ಟರು ಬೈದರು: "ಇವನ ತಟ್ಟೆಯಿಂದ ತೆಗೆಯೋಕೆ ಏನಿದೆ ತಾಯಿ? ಹಾಕೋದು ಹೇಗೆ ಅಂತ ನೋಡಿ."

ಗೋಧಿ ಮಾತಂತೂ ಬಿಡಿ. ನಮ್ಮ ಮನೆಯಲ್ಲಿ ದಿನಾ ಮಾಡೋದು ಜೋಳದ ರೊಟ್ಟಿ, ಅನ್ನ. ಗೋಧಿ ಬಿಡಿಸಿ ಅನ್ನೋದು ಅದರಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನ್‌ಗಾಗಿ, ಇವೆರಡರಲ್ಲೂ ಅದು ಇಲ್ಲ. ಹಾಲು, ಗೋಧಿ ಬಿಡಿಸಿ ನೋಡಿದ ಅಧ್ಯಯನಗಳು ಬೇಕಾದಷ್ಟಿವೆ, ಆಟಿಸಂ ಕಡಿಮೆಯಾಗುತ್ತೆ ಅನ್ನೋಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಾಲಿನ ಅಲರ್ಜಿಯೋ, ಗ್ಲುಟನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯೋ ಇದೆ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರೆ ಬೇರೆ ಮಾತು. ಸುಮ್ನೆ ಬಿಡಿಸಿದರೆ ಮಗುವಿಗೆ ಕ್ಯಾಲ್ಸಿಯಂ, ಪ್ರೋಟೀನ್ ಕಡಿಮೆ ಬೀಳುತ್ತೆ.

ಆದರೂ ಆ ಪ್ರಶ್ನೆ ತಡೆದುಕೊಳ್ಳಬಹುದು. ಗಂಗಾವತಿಯ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲೇ ದೊಡ್ಡವ್ವ ಒಬ್ಬರು ಕೇಳಿದ್ದನ್ನು ಮಾತ್ರ ಮರೆಯೋಕೆ ಆಗಲ್ಲ. "ನೀ ಬಸುರಿದ್ದಾಗ ಏನು ತಿಂದಿದ್ದಿ?" ಕೇಳುತ್ತಲೇ ಅವನ ಎಲೆಗೆ ಎಣ್ಣೆಗಾಯಿ ಬಡಿಸಿಬಿಟ್ಟರು. ರಸ ಹರಿದು ಮೊಸರನ್ನಕ್ಕೆ ತಾಗಿತು. ಅವನು ಎರಡೂ ಕಿವಿ ಮುಚ್ಚಿಕೊಂಡು ಎದ್ದ. ರಾತ್ರಿ ಮನೆ ಸೇರೋವರೆಗೂ ಏನೂ ತಿನ್ನಲಿಲ್ಲ. ನಾನೂ ಉಣ್ಣಲಿಲ್ಲ. ಆಟಿಸಂನಲ್ಲಿ ವಂಶವಾಹಿಗಳ ಪಾಲೇ ದೊಡ್ಡದು, ನಾನು ತಿಂದ ಯಾವುದೋ ಒಂದು ತುತ್ತಿನಿಂದ ಬಂದದ್ದಲ್ಲ ಅಂತ ಅವತ್ತೇ ಹೇಳಬೇಕಿತ್ತು.

ಅವನಿಗೆ ಊಟ ಯಾಕೆ ಕಷ್ಟ ಅಂತ ಯಾರೂ ಕೇಳಲ್ಲ. ಕೇಳಿದ್ದರೆ ಕೂರಿಸಿ ಚಹಾ ಕೊಟ್ಟು ಹೇಳುತ್ತಿದ್ದೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರು ಇಂಥ 11 ಮಕ್ಕಳ ಬಗ್ಗೆ ಬರೆದಾಗಲೇ ಊಟದ ತೊಂದರೆಯ ಮಾತಿತ್ತು. ಅದು ಹಟ ಅಲ್ಲ. ವಾಸನೆ, ಬಣ್ಣ, ನಾಲಿಗೆಗೆ ತಾಗುವ ರೀತಿ ಎಲ್ಲವೂ ಇವರಿಗೆ ಜಾಸ್ತಿ. ಬೆಂಡೆಕಾಯಿ ಲೋಳೆ ಕಂಡರೆ ಇವನಿಗೆ ವಾಂತಿ ಬರುತ್ತೆ. ಖಡಕ್ ರೊಟ್ಟಿ ಮುರಿಯುವ ಸಪ್ಪಳ ಮಾತ್ರ ಇಷ್ಟ.

ಅದನ್ನೇ ಹಿಡಿದುಕೊಂಡೆ. ಬೇರೆ ತಟ್ಟೆಯಲ್ಲಿ ಒಂದು ಚೂರು ರೊಟ್ಟಿ, ಚಿಟಿಕೆ ಶೇಂಗಾ ಹಿಂಡಿ ಇಟ್ಟು ಸುಮ್ಮನಿರುತ್ತಿದ್ದೆ. ಎಷ್ಟೋ ದಿನ ಬರೀ ನೋಡಿದ. ಆಮೇಲೆ ಮೂಸಿದ. ಒಂದು ದಿನ ಹಿಂಡಿಗೆ ಬೆರಳು ಒತ್ತಿ ನೆಕ್ಕಿದ.

ಈಗ ಅರ್ಧ ರೊಟ್ಟಿ ತಿನ್ನುತ್ತಾನೆ. ಮೊಸರಿಗೆ ಅದ್ದಲು ಮಾತ್ರ ಬಿಡಲ್ಲ, ಸಪ್ಪಳ ಹೋಗುತ್ತೆ.