ತಿಪ್ಪೇಸ್ವಾಮಿ ಅಂದ್ರೆ ಏನರ್ಥ?

ಬೆಂಗಳೂರಿಗೆ ಹೋದಾಗೆಲ್ಲ ಇದೇ ಪ್ರಶ್ನೆ. "ತಿಪ್ಪೆ ಅಂದ್ರೆ ಕಸ ಅಲ್ವಾ? ಅದ್ಯಾಕ್ರೀ ಆ ಹೆಸರು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಮೊದಲು ತಿಪ್ಪೆ ನೋಡಿದ್ದೀರಾ? ಸಗಣಿ, ಒಲೆಯ ಬೂದಿ, ದನ ತಿಂದು ಉಳಿಸಿದ ಸಪ್ಪೆ ಎಲ್ಲ ವರ್ಷಪೂರ್ತಿ ಅಲ್ಲಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಅಗೆದರೆ ಕರ್ರಗೆ, ಪುಡಿಪುಡಿ, ಒಳಗಿನ್ನೂ ಬೆಚ್ಚಗೆ. ನಮ್ಮ ಶೇಂಗಾ ಹೊಲಕ್ಕೆ ಗಾಡಿಗಟ್ಟಲೆ ಅದೇ ಗೊಬ್ಬರ. ದೀಪಾವಳಿಯಲ್ಲಿ ಅದಕ್ಕೂ ಪೂಜೆ ಮಾಡುತ್ತೇವೆ.

ಒಮ್ಮೆ ಒಂದು ತರಬೇತಿಯಲ್ಲಿ ಒಬ್ಬರು ಎಲ್ಲರೆದುರು, "ಒಂದು ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸ್ಕೊಳ್ರೀ" ಅಂದರು. ಸುತ್ತ ಕೂತವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಮೊದಲು ನಮ್ಮವ್ವನ್ನ ಕೇಳಿ ಬನ್ನಿ" ಅಂದೆ.

ಅವ್ವ ಏನು ಹೇಳುತ್ತಿದ್ದಳು ಗೊತ್ತಾ? ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ನಾನು ಹುಟ್ಟಿದಾಗ ಅಜ್ಜಿ ಮೊರದಲ್ಲಿಟ್ಟು, ತಿಪ್ಪೆ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು ಬಂದಳಂತೆ. ಯಾರಿಗೂ ಬೇಡದ ಕೂಸು ಅಂತ ಸಾವು ಕೈಬಿಡಲಿ ಅಂತ. ಗುಂಡಪ್ಪ, ಕಲ್ಲಪ್ಪ ಅನ್ನುವ ಹೆಸರುಗಳನ್ನೂ ಹೀಗೇ ಇಟ್ಟ ಮನೆಗಳುಂಟು. ತೆಲುಗಿನವರ ಪೆಂಟಯ್ಯನೂ ಇದೇ. ಅಲ್ಲಿ ಪೆಂಟ ಅಂದರೆ ತಿಪ್ಪೆ.

ಹೊನ್ನಾಳಿಯ ಎಚ್. ತಿಪ್ಪೇರುದ್ರಸ್ವಾಮಿ ಅವರಿಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದೇ ಹೆಸರಲ್ಲೇ ಬಂತು.

"ಯಾವ ಸ್ವಾಮಿ, ಏನು ಮಾಡಿದವರು?" ಅಂತ ಯಾಕೆ ಒಬ್ಬರೂ ಕೇಳುವುದಿಲ್ಲ? ಅದನ್ನು ಕೇಳಿ, ಗಂಟೆಗಟ್ಟಲೆ ಹೇಳುತ್ತೇನೆ. ಅವರು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿ. ಅವ್ವ ಹರಕೆ ಹೊತ್ತಿದ್ದೂ ಅವರಿಗೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಅಂಥ ಕಡೆ ಜನರನ್ನು ಸೇರಿಸಿ ಕೆರೆ ಕಟ್ಟಿಸಿದವರು ಅವರು. "ಮಾಡಿದಷ್ಟು ನೀಡು ಭಿಕ್ಷೆ" ಅಂದವರು. ದುಡಿದವನಿಗೆ ದುಡಿದಷ್ಟು ಸಿಗಬೇಕು, ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಈ ಮಾತು ಹಟ್ಟಿ ಸುತ್ತಮುತ್ತ ಮಕ್ಕಳ ಬಾಯಲ್ಲೂ ಇದೆ.

ಫಾಲ್ಗುಣದಲ್ಲಿ ತೇರು. ಲಕ್ಷಗಟ್ಟಲೆ ಜನ ಸೇರುತ್ತಾರೆ, ಹರಕೆಯ ಕೊಬ್ಬರಿ ಸುಡುವ ಹೊಗೆ ದಾರಿಯುದ್ದಕ್ಕೂ. ಒಳಮಠ, ಹೊರಮಠ ಎರಡನ್ನೂ ನೋಡಿ. ಆಮೇಲೆ ಕೆರೆ ಏರಿ ಮೇಲೆ ಕೂತು ನನ್ನ ಹೆಸರಿನ ಬಗ್ಗೆ ಏನು ಬೇಕಾದರೂ ಕೇಳಿ.