ಹಳೆಯ ಎಂಎಕ್ಸ್-5: ಡಿಫರೆನ್ಷಿಯಲ್‌ಗೆ ದುಡ್ಡು ಹಾಕುವ ಮೊದಲು ಮೌಂಟ್ ನೋಡಿ

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ನ ಮೊದಲ ತಲೆಮಾರಿನ 1.6 ಲೀಟರ್ ಕಾರಿನಲ್ಲಿ ಒಂದು ಸದ್ದು ತೀರಾ ಸಾಮಾನ್ಯ. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ, ಸೀಟಿನ ಹಿಂದೆಲ್ಲೋ ‘ಠಕ್’ ಅನ್ನುತ್ತದೆ. ಡಿಫರೆನ್ಷಿಯಲ್ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಯಿತು ಅಂದುಕೊಂಡು, ಹೇಗೂ ಬದಲಿಸಬೇಕಲ್ಲ ಎಂದು ದೊಡ್ಡದನ್ನೇ ತಂದು ಹಾಕುತ್ತಾರೆ. ಸದ್ದು ಹಾಗೇ ಉಳಿಯುತ್ತದೆ, ಏಕೆಂದರೆ ಕೆಟ್ಟಿದ್ದು ಮೌಂಟ್, ಅಂದರೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರ್ ಆಸರೆ. ಭಾರತದಲ್ಲಿ ಈ ಕಾರನ್ನು ಕಂಪನಿ ಮಾರಲಿಲ್ಲ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರೆ ಇದನ್ನು ಓದಿಯೇ ಪಾನಾ ಕೈಗೆತ್ತಿಕೊಳ್ಳಿ.

ಈ ಕಾರಿನ ಕಟ್ಟಡವೇ ಬೇರೆ. ಗೇರ್‌ಬಾಕ್ಸ್‌ಗೆಂದು ಪ್ರತ್ಯೇಕ ಮೌಂಟ್ ಇಲ್ಲ. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಪಿಪಿಎಫ್ (ಪವರ್ ಪ್ಲಾಂಟ್ ಫ್ರೇಮ್) ಎಂಬ ಉದ್ದನೆಯ ಅಲ್ಯೂಮಿನಿಯಂ ತೊಲೆ ಬೋಲ್ಟ್ ಆಗಿರುತ್ತದೆ. ಮುಂದೆ ಎಂಜಿನ್‌ಗೆ ಎರಡು, ಹಿಂದೆ ಡಿಫರೆನ್ಷಿಯಲ್‌ಗೆ ಎರಡು, ಹೀಗೆ ನಾಲ್ಕೇ ರಬ್ಬರ್‌ಗಳ ಮೇಲೆ ಇಡೀ ಯಂತ್ರ ನಿಂತಿದೆ. ಮುಂದಿನದು ಸಡಿಲವಾದರೆ ಹಿಂದೆ ಸದ್ದು ಬರುವುದು ಅದಕ್ಕೇ.

ಹೊರೆ ಎಷ್ಟು ಅಂತ ನೋಡಿ. ಎಂಜಿನ್ ಕೊಡುವ ಟಾರ್ಕ್ (ತಿರುಚುವ ಬಲ) ಸುಮಾರು 136 ನ್ಯೂಟನ್-ಮೀಟರ್. ಫಸ್ಟ್ ಗೇರ್ ಅನುಪಾತ 3.136. ಅಲ್ಲಿಗೆ, ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗೆ ಹೋಗುವುದು 425ರ ಆಸುಪಾಸು, ಅಷ್ಟೇ ಬಲ ಎಂಜಿನ್ನನ್ನು ಉಲ್ಟಾ ದಿಕ್ಕಿಗೆ ತಿರುಚುತ್ತದೆ. ಮುಂದಕ್ಕೆ ಹೊರಟಾಗ ಮೇಲೇಳುವುದು ಎಡಬದಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದೂ ಎಡಕ್ಕೇ. ಎಳೆತವೂ ಬಿಸಿಯೂ ಒಂದೇ ಕಡೆ ಬೀಳುವುದರಿಂದ ಮೊದಲು ಎಡ ಮೌಂಟ್ ಮೇಲೆ ಅನುಮಾನ ಪಡಿ. ಟಾಪ್ ಕವರ್ ಗ್ಯಾಸ್ಕೆಟ್‌ನಿಂದ ಆಯಿಲ್ ಸೋರಿ ರಬ್ಬರ್ ಮೇಲೆ ಇಳಿಯುತ್ತಿದ್ದರೆ ಅದು ಮೆತ್ತಗಾಗಿ ಇನ್ನೂ ಬೇಗ ಬಿಡುತ್ತದೆ. ಗ್ಯಾಸ್ಕೆಟ್ ಸರಿಮಾಡದೆ ಹೊಸ ಮೌಂಟ್ ಹಾಕಬೇಡಿ.

ಪರೀಕ್ಷೆ ಸೀಟಿನಲ್ಲಿ ಕೂತೇ ಶುರುವಾಗಲಿ. ಸುಮಾರು 850 ಆರ್‌ಪಿಎಂ ಐಡಲ್‌ನಲ್ಲಿ ಎಸಿ, ಹೆಡ್‌ಲೈಟ್ ಹಾಕಿ. ಒಳಗಿನ ಕನ್ನಡಿ ಮಸುಕಾಗುವಷ್ಟು ನಡುಗಿ, 1200ಕ್ಕೆ ಏರಿಸಿದೊಡನೆ ನಿಂತರೆ ಮೌಂಟ್ ಇರಬಹುದು. ನಡುಕ ತಾಳ ತಪ್ಪಿದಂತೆ ಬಿಟ್ಟುಬಿಟ್ಟು ಬಂದರೆ ಅದು ಮಿಸ್‌ಫೈರ್, ಪ್ಲಗ್ ವೈರ್ ನೋಡಿ. ಇನ್ನು ಗೇರ್ ಲಿವರ್. ಇದು ನೇರ ಗೇರ್‌ಬಾಕ್ಸ್ ಮೇಲೇ ಕೂತಿರುವುದರಿಂದ ಎಂಜಿನ್ ತಿರುಚಿದ್ದೆಲ್ಲ ಕೈಗೆ ತಿಳಿಯುತ್ತದೆ. ಸೆಕೆಂಡ್ ಗೇರ್‌ನಲ್ಲಿ ಹೋಗುತ್ತ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ, ಲಿವರ್ ಪಕ್ಕಕ್ಕೆ ಎಗರುತ್ತದೆಯೇ ಗಮನಿಸಿ.

ಆಮೇಲೆ ಬಾನೆಟ್ ತೆಗೆದು, ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಬ್ಬರಿಗೆ ಫಸ್ಟ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಲು ಹೇಳಿ. ಬಳಿಕ ರಿವರ್ಸ್‌ನಲ್ಲೂ ಹಾಗೇ. ನೀವು ಪಕ್ಕದಲ್ಲಿ ನಿಂತು ನೋಡಿ, ಕಾರಿನ ಮುಂದೆ ಹಿಂದೆ ಯಾರೂ ಇರಕೂಡದು. ಎಂಜಿನ್ ತುಸು ವಾಲುವುದು ಸಹಜ. ಫಸ್ಟ್‌ನಲ್ಲಿ ಎಡಬದಿ ಜಿಗಿದು, ಬಿಟ್ಟಾಗ ಢಬ್ ಎಂದು ಕೂತರೆ ಆ ಬದಿಯ ರಬ್ಬರ್ ಹರಿದಿದೆ. ರಿವರ್ಸ್‌ನಲ್ಲಿ ಬಲಬದಿ ಜಿಗಿದರೆ ಬಲದ್ದು.

ಬರೀ ಟಾರ್ಚ್ ಹಾಕಿ ಇಣುಕಿ ‘ಚೆನ್ನಾಗಿದೆ’ ಅನ್ನುವುದು ಮೋಸ. ಎಂಜಿನ್ ಭಾರಕ್ಕೆ ಸೀಳು ಮುಚ್ಚಿಕೊಂಡಿರುತ್ತದೆ. ಆಯಿಲ್ ಸಂಪ್ ಕೆಳಗೆ ಅಗಲದ ಮರದ ಹಲಗೆ ಇಟ್ಟು ಜಾಕ್‌ನಿಂದ ಒಂದಿಷ್ಟೇ ಎತ್ತಿ. ರಬ್ಬರ್ ಮತ್ತು ಲೋಹದ ತಟ್ಟೆ ಅಂಟಿರುವ ಗೆರೆಯಲ್ಲೇ ಬಾಯಿ ಬಿಡುತ್ತದೆ, ಸ್ಕ್ರೂಡ್ರೈವರ್ ತುದಿ ಒಳಗೆ ಹೋಗುತ್ತದೆ.

ಬದಲಿಸುವಾಗ ಎರಡನ್ನೂ ಬದಲಿಸಿ. ದಿನಬಳಕೆಗೆ ಕಂಪನಿ ರಬ್ಬರ್, ಇಲ್ಲವೇ ಅದಕ್ಕಿಂತ ಗಟ್ಟಿ ರಬ್ಬರ್‌ನ ಮಾಜ್ದಾ ಕಾಂಪಿಟಿಷನ್ ಮೌಂಟ್ ಸಾಕು. ಗಟ್ಟಿ ಪಾಲಿಯುರೆಥೇನ್ ಹಾಕಿದರೆ ಐಡಲ್‌ನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಗುಂಯ್‌ಗುಡುತ್ತದೆ, ರಸ್ತೆ ಕಾರಿಗೆ ನಾನಂತೂ ಹೇಳುವುದಿಲ್ಲ.

ಈಗ ಡಿಫರೆನ್ಷಿಯಲ್. 1.6ರಲ್ಲಿರುವುದು 6 ಇಂಚಿನ ರಿಂಗ್ ಗೇರ್, ಅಂದರೆ ಒಳಗಿನ ದೊಡ್ಡ ಹಲ್ಲುಚಕ್ರ. ಓಪನ್ (ಸಾದಾ) ಇರಬಹುದು, ವಿಸ್ಕಸ್ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ದ್ರವದಿಂದ ತಡೆಯುವ ಬಗೆ) ಇರಬಹುದು. ವಿಸ್ಕಸ್ ವಯಸ್ಸಾದಂತೆ ಹಿಡಿತ ಕಳೆದುಕೊಳ್ಳುತ್ತದೆ, ಟರ್ಬೊ ಹಾಕಿದರೆ 6 ಇಂಚಿನ ಗೇರ್‌ಗಳೇ ಮುರಿಯುತ್ತವೆ. 1994ರಿಂದ ಬಂದ 1.8ರ 7 ಇಂಚಿನ ಟಾರ್ಸೆನ್ (ಅದೇ ತಡೆಯನ್ನು ಗೇರ್‌ಗಳಿಂದಲೇ ಮಾಡುವ ಬಗೆ) ಇದಕ್ಕೆ ಸರಿಯಾದ ಬದಲಿ. ಆದರೆ ಡಿಫರೆನ್ಷಿಯಲ್ ಒಂದನ್ನೇ ತಂದರೆ ಕೂರುವುದಿಲ್ಲ. 1.8ರ ಎರಡೂ ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಸರಳು), ಪ್ರೊಪೆಲ್ಲರ್ ಶಾಫ್ಟ್ ಬೇಕು. ಒಂದೇ ಕಾರಿನಿಂದ ಪೂರ್ತಿ ಸೆಟ್ ಕೇಳಿ ಪಡೆಯಿರಿ.

ಗುಜರಿಯಲ್ಲಿ 1.8ರದ್ದೆಲ್ಲ ಟಾರ್ಸೆನ್ ಅಂತ ಮಾರುತ್ತಾರೆ. ಓಪನ್ ಕೂಡ ಬೇಕಾದಷ್ಟಿದೆ. ಒಂದು ಬದಿ ತಿರುಗಿಸಿ ಇನ್ನೊಂದು ಎತ್ತ ತಿರುಗುತ್ತದೆ ಎಂದು ನೋಡುವ ಪರೀಕ್ಷೆಯನ್ನು ಟಾರ್ಸೆನ್ ವಿಷಯದಲ್ಲಿ ನಂಬಬೇಡಿ, ಹೊರೆಯಿಲ್ಲದಾಗ ಅದೂ ಓಪನ್‌ನಂತೆ ವರ್ತಿಸಬಹುದು. ಶಾಫ್ಟ್ ಕೂರುವ ತೂತಿನೊಳಗೆ ಬೆಳಕು ಬಿಟ್ಟು ನೋಡಿ, ಓಪನ್‌ನಲ್ಲಿ ನಡುವೆ ಅಡ್ಡ ಪಿನ್ ಕಾಣುತ್ತದೆ.

1.6ರ ಡಿಫರೆನ್ಷಿಯಲ್ ಅನುಪಾತ 4.3, ಈ 1.8ರದ್ದು 4.1. ಟಾಪ್ ಗೇರ್‌ನಲ್ಲಿ 100 ಕಿ.ಮೀ. ವೇಗಕ್ಕೆ ಸುಮಾರು 150 ಆರ್‌ಪಿಎಂ ಇಳಿಯುತ್ತದೆ, ಹೈವೇಗೆ ಒಳ್ಳೆಯದೇ. ಸ್ಪೀಡೋಮೀಟರ್ ಓಡುವುದು ಗೇರ್‌ಬಾಕ್ಸ್‌ನಿಂದ, ಹಾಗಾಗಿ ಅದು 100 ತೋರಿಸುವಾಗ ನೀವು 105ರಲ್ಲಿರುತ್ತೀರಿ. ಅದರ ಸಣ್ಣ ಗೇರ್ ಬದಲಿಸಿ, ದಂಡ ತಪ್ಪುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಕಾರು ನಾಲ್ಕು ಸ್ಟ್ಯಾಂಡ್ ಮೇಲಿರಲಿ. ಡಿಫರೆನ್ಷಿಯಲ್‌ನ ಆಯಿಲ್ ತುಂಬುವ ಪ್ಲಗ್ ಮೊದಲು ಬಿಚ್ಚಿ, ಅದು ಬಂದಮೇಲೇ ಕೆಳಗಿನದು. ಹಬ್ ನಟ್ 29 ಎಂಎಂ, ತುಟಿ ಬಡಿದು ಕೂರಿಸಿರುತ್ತಾರೆ, ಮತ್ತೆ ಹಾಕುವಾಗ ಹೊಸ ನಟ್ಟೇ ಬೇಕು, ಬಿಗಿ 216ರಿಂದ 294 ನ್ಯೂಟನ್-ಮೀಟರ್. ಹಿಂಚಕ್ರದ ಕೆಳಗಿನ ಉದ್ದ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರುವುದಿಲ್ಲ. ಅದರ ಗೊಡವೆ ಬೇಡ, ಮೇಲಿನದು ಬಿಚ್ಚಿ ಹಬ್ಬನ್ನು ಹೊರಕ್ಕೆ ವಾಲಿಸಿದರೆ ಶಾಫ್ಟ್ ಹೊರಬರುತ್ತದೆ. ಶಾಫ್ಟ್ ತುದಿಯ ಕ್ಲಿಪ್ ಹೊಸದು ಹಾಕಿ.

ಪಿಪಿಎಫ್ ಬೋಲ್ಟ್ ಮುಟ್ಟುವ ಮುಂಚೆ ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಟ್ಟಿರಲೇಬೇಕು. ಮರೆತರೆ ಗೇರ್‌ಬಾಕ್ಸ್ ಬಾಲ ಕೆಳಗೆ ಬಿದ್ದು, ಎಂಜಿನ್ ಹಿಂದಕ್ಕೆ ವಾಲಿ, ನೀವು ಈಗಷ್ಟೇ ಹಾಕಿದ ಮೌಂಟ್‌ಗಳನ್ನೇ ತಿರುಚುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್‌ನಿಂದ ಆಯಿಲ್ ಸುರಿಯುತ್ತದೆ, ಪ್ಲಾಸ್ಟಿಕ್ ಕವರ್ ಕಟ್ಟಿಡಿ. ಡಿಫರೆನ್ಷಿಯಲ್ ಇಳಿಸಲು ಇಬ್ಬರು ಬೇಕು. ಹೊಸದನ್ನು ಏರಿಸುವ ಮುನ್ನ ಅದರ ಎರಡು ತೋಳುಗಳಲ್ಲಿರುವ ರಬ್ಬರ್ ಬುಷ್ ನೋಡಿ. ಬಿರುಕು ಬಿಟ್ಟಿದ್ದರೆ ಪ್ರೆಸ್ ಮಾಡಿಸಿ ಬದಲಿಸುವುದು ಈಗಲೇ ಸುಲಭ.

ಆಯಿಲ್ ಜಿಎಲ್-5, 90 ಗ್ರೇಡ್. 6 ಇಂಚಿನದಕ್ಕೆ 0.65 ಲೀಟರ್ ಹಿಡಿಯುತ್ತಿತ್ತು, ಇದಕ್ಕೆ 1 ಲೀಟರ್ ಬೇಕು. ತೂತಿನ ಅಂಚಿಗೆ ಬಂದು ಜಿನುಗುವವರೆಗೆ ತುಂಬಿ. ಟಾರ್ಸೆನ್ ಒಳಗೆ ಕ್ಲಚ್ ತಟ್ಟೆಗಳಿಲ್ಲ, ಎಲ್‌ಎಸ್‌ಡಿ ಅಡಿಟಿವ್ ಬೇಕಿಲ್ಲ.

ಕೊನೆಗೆ ಪಿಪಿಎಫ್ ಎತ್ತರ. ಬೋಲ್ಟ್‌ಗಳನ್ನು ಸಡಿಲವಾಗಿ ಕೂರಿಸಿ, ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಅಳತೆ ಬರುವವರೆಗೆ ಜಾಕ್‌ನಿಂದ ಗೇರ್‌ಬಾಕ್ಸ್ ಎತ್ತಿ, ಆಮೇಲೆ 104ರಿಂದ 123 ನ್ಯೂಟನ್-ಮೀಟರ್‌ಗೆ ಬಿಗಿ ಮಾಡಿ. ಇಲ್ಲಿ ಅಳತೆ ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಟ್ಟು ವೇಗ ಏರಿದಂತೆ ನಡುಕ ಬರುತ್ತದೆ, ಹೊಸ ಡಿಫರೆನ್ಷಿಯಲ್ಲೇ ಸರಿಯಿಲ್ಲ ಎಂದು ಮತ್ತೆ ಬಿಚ್ಚಬೇಕಾಗುತ್ತದೆ.